ನಂದಿ ಬೆಟ್ಟ: ಸೂರ್ಯೋದಯ ಬಿಟ್ಟರೆ ಬೇರೇನೂ ಇಲ್ಲವೇ?

ಯಲಹಂಕದ ಸೊಸೆ · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವು ಯಲಹಂಕಕ್ಕೆ ಬಂದು ನಾಲ್ಕು ವರ್ಷವಾಯಿತು. ಅಷ್ಟರಲ್ಲಿ ನಂದಿ ಬೆಟ್ಟಕ್ಕೆ ಐದು ಸಲ ಹೋಗಿದ್ದೇವೆ. ಐದೂ ಸಲ ಭಾನುವಾರ, ಐದೂ ಸಲ ನಸುಕಿನ ಮೂರೂವರೆಗೆ ಅಲಾರಂ, ಐದೂ ಸಲ ಗೇಟಿನ ಕೆಳಗೆ ಕಾರುಗಳ ಕೆಂಪು ದೀಪದ ಸಾಲು. ಎರಡು ಸಲ ನಾವಿನ್ನೂ ಕಾರಿನಲ್ಲಿ ಕುಳಿತಿರುವಾಗಲೇ ಸೂರ್ಯ ಹುಟ್ಟಿಬಿಟ್ಟ. ಎರಡು ಸಲ ಮಂಜಿನಲ್ಲಿ ಪಕ್ಕದಲ್ಲಿ ನಿಂತ ಗಂಡನ ಮುಖವೇ ಕಾಣಲಿಲ್ಲ. ಒಂದೇ ಒಂದು ಸಲ ಸೂರ್ಯ ಕಂಡ, ಅದೂ ಜನ ಎತ್ತಿ ಹಿಡಿದ ಮೊಬೈಲುಗಳ ಸಂದಿಯಲ್ಲಿ.

ಈಗ ಊರಿನಿಂದ ಮಾವನವರು, ಅತ್ತೆ ಬಂದಿದ್ದಾರೆ. ತೀರ್ಥಹಳ್ಳಿ ಕಡೆಯವರು. ಜುಲೈ ಮಳೆಯಲ್ಲಿ ಅಲ್ಲಿ ಬಟ್ಟೆಯೂ ಒಣಗುವುದಿಲ್ಲ, ಮಾವನವರ ಮಂಡಿನೋವೂ ಇಳಿಯುವುದಿಲ್ಲ. ಹಾಗಾಗಿ ಎರಡು ತಿಂಗಳು ನಮ್ಮಲ್ಲಿ. ಮೊನ್ನೆ ನಂದಿ ಬೆಟ್ಟದ ಮಾತು ತೆಗೆದರೆ, "ಕುಂದಾದ್ರಿ ಹತ್ತಿದವನಿಗೆ ನೀವು ಗುಡ್ಡ ತೋರಿಸುತ್ತೀರೇನಮ್ಮ?" ಎಂದು ನಕ್ಕರು. ಒಂಬತ್ತು ವರ್ಷದ ಮಗಳಂತೂ ನಂದಿ ಎಂದರೆ ನಿದ್ದೆಗೆಡುವ ಶಿಕ್ಷೆ ಎಂದೇ ತಿಳಿದುಕೊಂಡಿದ್ದಾಳೆ.

ನನ್ನ ಪ್ರಶ್ನೆ ಇಷ್ಟೇ. ಸೂರ್ಯೋದಯವನ್ನು ಪಕ್ಕಕ್ಕಿಟ್ಟರೆ ಅಲ್ಲಿಗೆ ಹೋಗಲು ಬೇರೆ ಕಾರಣವಿದೆಯೇ? ವರ್ಷದ ಯಾವ ಕಾಲಕ್ಕೆ ಏನು? ಈ ಮಳೆಯಲ್ಲಿ ಹೋಗಬಹುದೇ?

ಮೂರನೇ ಗೇರ್ · ಶುಕ್ರವಾರ ರಾತ್ರಿ 10:05

ಕಾರಣವಿದೆ, ಆದರೆ ಕಾರನ್ನು ಮನೆಯಲ್ಲೇ ಬಿಟ್ಟವರಿಗೆ. ನಾನು ಹೆಬ್ಬಾಳದಿಂದ ಸೈಕಲ್ಲಿನಲ್ಲಿ ಹೋಗುತ್ತೇನೆ. ಕೊನೆಯ ಏಳೆಂಟು ಕಿಲೋಮೀಟರ್ ಏರು. ಸರಾಸರಿ ಲೆಕ್ಕ ಹಾಕಿದರೆ ನೂರು ಮೀಟರಿಗೆ ಐದು ಮೀಟರಿಗಿಂತ ತುಸು ಹೆಚ್ಚು ಎತ್ತರ. ಸರಾಸರಿ ಎಂಬ ಮಾತನ್ನು ಮಾತ್ರ ನಂಬಬೇಡಿ. ಆರಂಭದಲ್ಲಿ ಬೆಟ್ಟ ನಿಮ್ಮನ್ನು ಮುದ್ದು ಮಾಡುತ್ತದೆ, ಕೊನೆಯ ತಿರುವುಗಳಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಬೆಂಗಳೂರಿನಲ್ಲಿ ಸೈಕಲ್ ಕೊಂಡ ಪ್ರತಿಯೊಬ್ಬನೂ ಎಂದಾದರೊಂದು ದಿನ ಕಾಲು ಕೆಳಗಿಡದೆ ನಂದಿ ಹತ್ತಿದೆ ಎಂದು ಹೇಳಿಕೊಳ್ಳಲೇಬೇಕು. ನನಗೆ ಆ ಮಾತು ಹೇಳಲು ಹದಿನಾಲ್ಕು ತಿಂಗಳು ಹಿಡಿಯಿತು.

ಕಾಲ ಕೇಳಿದಿರಿ. ನಮಗೆ ಫೆಬ್ರುವರಿ, ಮಾರ್ಚ್ ಒಳ್ಳೆಯದು. ರಸ್ತೆ ಒಣಗಿರುತ್ತದೆ, ಬೆಳಗಿನ ಗಾಳಿ ಇನ್ನೂ ತಂಪು. ಮಳೆಯಲ್ಲಿ ಹತ್ತುವುದು ಕಷ್ಟವಲ್ಲ, ಇಳಿಯುವುದು ಅಪಾಯ.

ನಾಲ್ಕು ಚಕ್ರ · ಶುಕ್ರವಾರ ರಾತ್ರಿ 10:31

ಸೈಕಲ್ಲಿನವರು ಮೂರು ಮೂರು ಜನ ಜೊತೆಯಾಗಿ ಹರಟುತ್ತ ಇಳಿಯುವುದನ್ನು ಬಿಟ್ಟರೆ ಕಾರಿನವರಿಗೂ ಅಪಾಯ ಕಡಿಮೆಯಾದೀತು.

ಮೂರನೇ ಗೇರ್ · ಶುಕ್ರವಾರ ರಾತ್ರಿ 10:33

ತಿರುವಿನಲ್ಲಿ ಹಾರ್ನ್ ಮಾಡದೆ ಎಡಗಡೆಯಿಂದ ನುಗ್ಗುವವರೂ ಅದನ್ನು ಬಿಡಲಿ. ಇಬ್ಬರೂ ಸೇರಿ ಬಿಡೋಣ.

ಹಳೇ ಮೇಷ್ಟ್ರು · ಶನಿವಾರ ಬೆಳಿಗ್ಗೆ 6:12

ಸೊಸೆಯಮ್ಮ, ಭೂಗೋಳ ಕಲಿಸಿ ನಿವೃತ್ತನಾದವನು ನಾನು. ಸ್ವಲ್ಪ ಪಾಠವಾದರೆ ಕ್ಷಮಿಸಿ.

ನಿಮ್ಮ ಐದು ಸಲದ ಸೋಲಿಗೆ ಅದೃಷ್ಟ ಕಾರಣವಲ್ಲ. ನಂದಿಯ ನೆತ್ತಿ ಸಮುದ್ರ ಮಟ್ಟದಿಂದ 1,478 ಮೀಟರ್. ಸುತ್ತಲ ಬಯಲು ಸುಮಾರು 900 ಮೀಟರ್. ಅಂದರೆ ಬಯಲಿನಿಂದ ಐನೂರೈವತ್ತು ಅರುನೂರು ಮೀಟರ್ ಎತ್ತರಕ್ಕೆ ಎದ್ದು ನಿಂತ ಕಲ್ಲು. ಕೆಳಗಿನದಕ್ಕಿಂತ ಮೂರು ನಾಲ್ಕು ಡಿಗ್ರಿ ತಂಪು. ಇಲ್ಲಿ ಮಂಜು ಎನ್ನುವುದು ಒಂದಲ್ಲ, ಎರಡು ಬಗೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ನವೆಂಬರ್‌ನಿಂದ ಜನವರಿಯವರೆಗೆ ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ತನ್ನ ಶಾಖವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಭಾರವಾದ ತಣ್ಣನೆಯ ಗಾಳಿ ಕೆರೆಕುಂಟೆ ಹೊಲಗಳ ಮೇಲೆ ಇಳಿದು ಕೂರುತ್ತದೆ, ಅದರೊಳಗಿನ ತೇವ ಮಂಜಾಗುತ್ತದೆ. ಆಗ ಮಂಜು ಕೆಳಗೆ, ನೀವು ಮೇಲೆ. ಎಲ್ಲರ ಮೊಬೈಲಿನಲ್ಲೂ ಇರುವ "ಮೋಡದ ಸಮುದ್ರ" ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಥೆ ತಿರುವುಮುರುವು. ಪಶ್ಚಿಮದ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ ಅಲ್ಲೇ ಮೋಡವಾಗುತ್ತದೆ. ಆಗ ನೀವು ಮೋಡ ನೋಡುವವರಲ್ಲ, ಮೋಡದ ಹೊಟ್ಟೆಯೊಳಗಿರುವವರು. ಅಂಥ ದಿನ ಸೂರ್ಯೋದಯಕ್ಕೆ ಹೋಗುವುದೆಂದರೆ ಸಿನಿಮಾ ಮಂದಿರಕ್ಕೆ ಕಣ್ಣು ಕಟ್ಟಿಕೊಂಡು ಹೋದಂತೆ.

ಇನ್ನೊಂದು ಲೆಕ್ಕ. ನಮ್ಮಲ್ಲಿ ಸೂರ್ಯ ಅತಿ ಬೇಗ ಹುಟ್ಟುವುದು ಜೂನ್ ಆರಂಭದ ಹೊತ್ತಿಗೆ, 5:53ರ ಆಸುಪಾಸು. ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಗೆ, 6:46ರ ಆಸುಪಾಸು. ಡಿಸೆಂಬರ್ 21 ಕಳೆದ ಮೇಲೂ ಒಂದು ತಿಂಗಳು ಸೂರ್ಯ ತಡಮಾಡುತ್ತಲೇ ಹೋಗುತ್ತಾನೆ. ಇದನ್ನು ಮಕ್ಕಳಿಗೆ ನಂಬಿಸಲು ನಾನು ಪಂಚಾಂಗ ತರಬೇಕಾಗುತ್ತಿತ್ತು. ಬೆಟ್ಟದ ಮೇಲೆ ದಿಗಂತ ಕೆಳಗಿರುವುದರಿಂದ ಎರಡು ಮೂರು ನಿಮಿಷ ಮೊದಲೇ ಕಾಣುತ್ತಾನೆ. ಸೂರ್ಯೋದಯವೇ ಬೇಕೆಂದಿದ್ದರೆ ಜನವರಿಯಲ್ಲಿ ಹೋಗಿ. ಐವತ್ತು ನಿಮಿಷ ಹೆಚ್ಚು ನಿದ್ದೆ ಸಿಗುತ್ತದೆ.

ದುರ್ಬೀನು · ಶನಿವಾರ ಬೆಳಿಗ್ಗೆ 7:50

ಮೇಷ್ಟ್ರ ಆ "ಮೋಡದ ಹೊಟ್ಟೆ"ಯನ್ನು ನೋಡಲೆಂದೇ ಜುಲೈಯಲ್ಲಿ ಹೋಗುವವಳು ನಾನು. ಅಕ್ಕ, ನಿಮ್ಮ ಮಾವನವರಿಗೆ ಇದನ್ನೇ ತೋರಿಸಿ.

ಬಯಲುಸೀಮೆಯ ನಡುವೆ ಇದ್ದರೂ ನಂದಿಯ ನೆತ್ತಿಯ ಕಾಡು ಬಯಲುಸೀಮೆಯದಲ್ಲ. ವರ್ಷದಲ್ಲಿ ಹಲವು ತಿಂಗಳು ಮೋಡ ಒರಸಿಕೊಂಡು ಹೋಗುವುದರಿಂದ ಮರದ ತೊಗಟೆಯ ಮೇಲೆ ಪಾಚಿ, ಜರೀಗಿಡ ದಟ್ಟವಾಗಿ ಬೆಳೆಯುತ್ತವೆ. ಪಶ್ಚಿಮ ಘಟ್ಟದ ಎಷ್ಟೋ ಜೀವಿಗಳು ಇಲ್ಲಿ ದ್ವೀಪದಲ್ಲಿ ಸಿಕ್ಕಿಕೊಂಡವರಂತೆ ಉಳಿದಿವೆ. ನೀಲಗಿರಿ ಕಾಡುಪಾರಿವಾಳವನ್ನೇ ನೋಡಿ. ಅದರ ಮನೆ ಘಟ್ಟದ ಶೋಲಾ ಕಾಡು. ಆದರೂ ಬೆಂಗಳೂರಿನ ಬಗಲಿನ ಈ ಒಂಟಿ ಬೆಟ್ಟದಲ್ಲಿ ಸಿಗುತ್ತದೆ. ಮಂಜಿನೊಳಗಿನಿಂದ ಗಂಭೀರವಾಗಿ ಹೂಂಕರಿಸುತ್ತದೆ, ಹೂಂಗುಟ್ಟುತ್ತ ಕಥೆ ಕೇಳುವ ಅಜ್ಜನಂತೆ.

ನೆತ್ತಿಯಿಂದ ಇಳಿದು ಕುರುಚಲು ಕಾಡು, ಬಂಡೆಗಳ ಕಡೆ ಬಂದರೆ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಅಳಿವಿನ ಅಪಾಯವಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ದೂರದೂರದ ದೇಶಗಳಿಂದ ಇದನ್ನು ನೋಡಲೆಂದೇ ಬರುತ್ತಾರೆ. ನಮ್ಮವರು ಅದರ ಪೊದೆಯ ಪಕ್ಕ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ಕುಣಿಯುತ್ತಾರೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹಿಮಾಲಯದ ಕಡೆಯಿಂದ ವಲಸೆ ಹಕ್ಕಿಗಳೂ ಬಂದು ಸೇರುತ್ತವೆ. ಉದ್ದ ಬಾಲದ ರಾಜಹಕ್ಕಿಯನ್ನು ನಾನು ಮೊದಲು ಕಂಡದ್ದು ಇಲ್ಲೇ, ಒಂದು ಮಂಗಳವಾರ, ಶೌಚಾಲಯದ ಹಿಂದೆ.

ನಂದಿ ಗ್ರಾಮದವನು · ಶನಿವಾರ ಮಧ್ಯಾಹ್ನ 2:15

ನಮ್ಮ ಮನೆ ಬೆಟ್ಟದ ಬುಡದಲ್ಲೇ. ನಿಮ್ಮೆಲ್ಲರ ಮಾತು ಓದಿ ಒಂದು ಪ್ರಶ್ನೆ ಬಂತು: ಒಬ್ಬರಾದರೂ ಬೆಟ್ಟದ ಬುಡದ ಬಗ್ಗೆ ಬರೆಯಲಿಲ್ಲವಲ್ಲ? ಬೆಂಗಳೂರಿನವರಿಗೆ ನಂದಿ ಎಂದರೆ ಕಾರು ನಿಲ್ಲಿಸುವ ಜಾಗದಿಂದ ಬೆಟ್ಟದಂಚಿನ ಕಂಬಿಯವರೆಗಿನ ಇನ್ನೂರು ಹೆಜ್ಜೆ. ನಮಗೆ ಬೆಟ್ಟ ಶುರುವಾಗುವುದೇ ಕೆಳಗಿನಿಂದ.

ಭೋಗನಂದೀಶ್ವರನ ಗುಡಿಯಿಂದ ಶುರು ಮಾಡಿ. ಒಂಬತ್ತನೆಯ ಶತಮಾನದಲ್ಲಿ ನೊಳಂಬರ ಕಾಲದಲ್ಲಿ ಮೊದಲಾದ ಗುಡಿ. ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರೂ ಕೈ ಆಡಿಸಿದ್ದಾರೆ. ಅರುಣಾಚಲೇಶ್ವರ ಎಂದರೆ ಶಿವನ ಬಾಲ್ಯ, ಭೋಗನಂದೀಶ್ವರ ಎಂದರೆ ಯೌವನ, ನಡುವಿನ ಉಮಾಮಹೇಶ್ವರ ಎಂದರೆ ಮದುವೆ. ಸಂಸಾರವೆಲ್ಲ ಕೆಳಗೆ. ವೈರಾಗ್ಯ ಬಂದ ಮೇಲೆ ಶಿವ ಬೆಟ್ಟ ಹತ್ತಿ ಯೋಗನಂದೀಶ್ವರನಾದ. ಅದಕ್ಕೇ ನಮ್ಮ ಅಜ್ಜಿ, ಮೇಲಿನ ಗುಡಿಯಲ್ಲಿ ಮದುವೆಯ ಹರಕೆ ಹೊರಬಾರದು ಎನ್ನುತ್ತಿದ್ದಳು. ಕೆಳಗಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂರಿ. ಶಿವರಾತ್ರಿಯ ತೇರಿನ ಹೊತ್ತಿಗೆ ಬಂದರೆ ಅದು ಬೇರೆಯೇ ಲೋಕ.

ಆಮೇಲೆ ಸುಲ್ತಾನ್‌ಪೇಟೆಗೆ ಬನ್ನಿ. ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಲ್ಲುಮೆಟ್ಟಿಲುಗಳು ಕೋಟೆಗೆ ಏರುತ್ತವೆ. ಟಾರು ರಸ್ತೆ ಬರುವ ಮೊದಲು ಎಲ್ಲರೂ ಕಾಲಲ್ಲೇ ಹತ್ತಿದ ಬೆಟ್ಟ ಇದು. ಹೈದರಾಲಿ ಮತ್ತು ಟಿಪ್ಪು ಕೋಟೆಯನ್ನು ಭದ್ರ ಮಾಡಿದರು. ಯಾರೂ ಹತ್ತಲಾರರು ಎಂದುಕೊಂಡಿದ್ದರು. 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸನ ಸೈನ್ಯ ವಾರಗಟ್ಟಲೆ ಫಿರಂಗಿ ಹಾರಿಸಿ ಒಡೆದೇ ಬಿಟ್ಟಿತು. ಕೆಳಗಿನಿಂದ ಹತ್ತಿದರೆ ಮಾತ್ರ ಆ ಗೋಡೆಗಳು ಯಾಕೆ ಅಲ್ಲಿವೆ ಎಂದು ತಿಳಿಯುತ್ತದೆ. ಕಾರಿನಲ್ಲಿ ಬಂದವರಿಗೆ ಅವು ಫೋಟೋದ ಹಿನ್ನೆಲೆ.

ಮಳೆಯಲ್ಲಿ ಮೆಟ್ಟಿಲು ಜಾರುತ್ತದೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ಮಂಡಿನೋವಿನ ಹಿರಿಯರಿಗೆ ಆ ದಾರಿ ಬೇಡ. ಅವರು ವಾಹನದಲ್ಲಿ ಮೇಲೆ ಬರಲಿ. ನೀವೂ ಮಗಳೂ ಹತ್ತಿ. ಅಮೃತ ಸರೋವರದ ಬಳಿ ಸೇರಿಕೊಳ್ಳಿ. ಬೇಸಿಗೆಯಲ್ಲೂ ಬತ್ತದ ಊಟೆ ಅದು.

ಮತ್ತು ದಯವಿಟ್ಟು ವಾರದ ನಡುವೆ ಬನ್ನಿ. ವಾರಾಂತ್ಯದ ಬೆಳಿಗ್ಗೆ ನಮ್ಮೂರಿನ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯಲೂ ರಸ್ತೆ ಸಿಗದ ದಿನಗಳನ್ನು ನೋಡಿದ್ದೇನೆ.

ಕೋಲಾರದ ಹುಡುಗಿ · ಶನಿವಾರ ಸಂಜೆ 5:20

ರೈಲಿನ ವಿಷಯ ಯಾರೂ ಹೇಳಲಿಲ್ಲ! ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರದ ಕಡೆ ಹೋಗುವ ಪ್ಯಾಸೆಂಜರ್ ರೈಲು ನಂದಿ ಹಾಲ್ಟ್‌ನಲ್ಲಿ ನಿಲ್ಲುತ್ತದೆ. ನೂರು ವರ್ಷ ದಾಟಿದ ಪುಟ್ಟ ನಿಲ್ದಾಣ. ಪಾಳು ಬಿದ್ದಿದ್ದನ್ನು ಹಳೆಯ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಚೆಂದವಾಗಿ ದುರಸ್ತಿ ಮಾಡಿದ್ದಾರೆ. ಅಲ್ಲಿಂದ ಭೋಗನಂದೀಶ್ವರ ಗುಡಿಗೆ ನಡೆದೇ ಹೋಗಬಹುದು. ದಿನಕ್ಕೆ ಕೆಲವೇ ರೈಲು, ಹಿಂದಿರುಗುವ ವೇಳೆ ನೋಡಿಕೊಂಡೇ ಹೊರಡಿ. ತಪ್ಪಿದರೆ ಬಸ್ಸಿದೆ.

ತಿನ್ನುವವರಿಗೆ ಒಂದು ಮಾತು: ಬೆಟ್ಟದ ಮೇಲೆ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಕೆಳಗೆ ರಸ್ತೆಬದಿಯಲ್ಲಿ ಉಪ್ಪು ಖಾರ ಹಚ್ಚಿದ ಸೀಬೆಹಣ್ಣು, ನಮ್ಮ ಕಡೆಯ ಕಪ್ಪು ದ್ರಾಕ್ಷಿ. ಡಿಸೆಂಬರ್‌ನಲ್ಲಾದರೆ ಹೊಲದ ಅವರೆಕಾಯಿ, ಸೊನೆಯ ಘಮ ಕೈಯಿಂದ ಎರಡು ದಿನ ಹೋಗುವುದಿಲ್ಲ.

ಹಗ್ಗದಾರಿ · ಶನಿವಾರ ರಾತ್ರಿ 8:44

ಇಷ್ಟೆಲ್ಲ ಕಷ್ಟಕ್ಕೂ ಒಂದೇ ಪರಿಹಾರ, ರೋಪ್‌ವೇ. ಎಂಬತ್ತರ ದಶಕದಲ್ಲೇ ಶಂಕರ್‌ನಾಗ್ ಕಂಡ ಕನಸು ಅದು. ಅವರು 1990ರಲ್ಲಿ ತೀರಿಕೊಂಡರು. 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಸುಮಾರು 3 ಕಿಲೋಮೀಟರ್ ಉದ್ದ, 90 ಕೋಟಿ ರೂಪಾಯಿಗೂ ಮೀರಿದ ಯೋಜನೆ. ಕಾರುಗಳೆಲ್ಲ ಕೆಳಗೇ ನಿಂತರೆ ಮೇಲೆ ಹೊಗೆಯೂ ಇಲ್ಲ, ಸಾಲೂ ಇಲ್ಲ. ನನ್ನ ತಾಯಿಗೆ 82 ವರ್ಷ, ಗಾಲಿಕುರ್ಚಿಯಲ್ಲಿದ್ದಾರೆ. "ಬುಡದಿಂದ ಹತ್ತಿ" ಎನ್ನುವವರು ಅವರಿಗೆ ಏನು ಹೇಳುತ್ತೀರಿ?

ದುರ್ಬೀನು · ಶನಿವಾರ ರಾತ್ರಿ 9:10

ನಿಮ್ಮ ತಾಯಿಗೆ ರಸ್ತೆ ಇದೆ, ಅದು ಇರಲಿ ಎಂದೇ ನಾನೂ ಹೇಳುತ್ತೇನೆ. ನನ್ನ ಭಯ ಬೇರೆ. ರೋಪ್‌ವೇ ಕಟ್ಟಿದವರು ಕಾರುಗಳನ್ನು ಕಡಿಮೆ ಮಾಡಲು ಕಟ್ಟುವುದಿಲ್ಲ, ಟಿಕೆಟ್ ಮಾರಲು ಕಟ್ಟುತ್ತಾರೆ. ಗಂಟೆಗೆ ನೂರಾರು ಜನ ಹೆಚ್ಚಾಗಿ ಬಂದು ಇಳಿಯುವ ಜಾಗ ಎಷ್ಟು ದೊಡ್ಡದು? ನೆತ್ತಿಯ ಆ ಮೋಡಗಾಡನ್ನು ಅಳತೆ ಮಾಡಿದರೆ ಕೆಲವು ಗದ್ದೆಗಳಷ್ಟು. ಅದರಲ್ಲಿ ಹೋಟೆಲ್ಲು, ಆಟದ ಅಂಗಳ, ಫೋಟೋ ಚೌಕಟ್ಟು ಎಲ್ಲ ಬಂದು ಕುಳಿತರೆ ಕಾಡುಪಾರಿವಾಳ ಎಲ್ಲಿ ಕೂರಬೇಕು?

ಹಗ್ಗದಾರಿ · ಶನಿವಾರ ರಾತ್ರಿ 9:18

ಪಾರಿವಾಳಕ್ಕೆ ರೆಕ್ಕೆ ಇದೆ, ನಮ್ಮ ಅಮ್ಮನಿಗಿಲ್ಲ.

ನಂದಿ ಗ್ರಾಮದವನು · ಶನಿವಾರ ರಾತ್ರಿ 9:52

ಅಣ್ಣ, ನಿಮ್ಮ ತಾಯಿಯವರನ್ನು ಕರೆದುಕೊಂಡು ಬನ್ನಿ, ಗಾಲಿಕುರ್ಚಿ ತಳ್ಳಲು ನಾನೇ ಬರುತ್ತೇನೆ. ಜಗಳ ಬೇಡ. ರೋಪ್‌ವೇ ಬಗ್ಗೆ ನಮ್ಮೂರಿನಲ್ಲೇ ಎರಡು ಮಾತಿದೆ. ಅಂಗಡಿ ಇಟ್ಟವರು ಬರಲಿ ಎನ್ನುತ್ತಾರೆ, ಆಟೋ ಓಡಿಸುವವರು ಬೇಡ ಎನ್ನುತ್ತಾರೆ, ನಮ್ಮಪ್ಪ "ನಾನು ಹುಟ್ಟಿದಾಗಿನಿಂದ ಬರುತ್ತಲೇ ಇದೆ" ಎನ್ನುತ್ತಾರೆ. 2021ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಗುಡ್ಡ ಜರಿದು ರಸ್ತೆ ಕೊಚ್ಚಿಹೋಯಿತು. ತಿಂಗಳುಗಟ್ಟಲೆ ಬೆಟ್ಟ ಮುಚ್ಚಿತ್ತು. ಆಗ ನಮ್ಮವರ ಹೊಟ್ಟೆಗೆ ಎಷ್ಟು ಹೊಡೆತ ಬಿತ್ತು ಎನ್ನುವುದೂ ನೆನಪಿದೆ, ಆ ತಿಂಗಳುಗಳಲ್ಲಿ ನವಿಲಿನ ಕೂಗು ಮನೆಯವರೆಗೆ ಕೇಳಿಸುತ್ತಿತ್ತು ಎನ್ನುವುದೂ ನೆನಪಿದೆ. ಎರಡೂ ನಿಜ. ಯಾವ ಕಡೆಗೆ ಕೈ ಎತ್ತಬೇಕು ಎಂದು ನನಗಂತೂ ಇನ್ನೂ ತೀರ್ಮಾನವಾಗಿಲ್ಲ.

ನಿರ್ವಾಹಕ · ಶನಿವಾರ ರಾತ್ರಿ 10:00

ಯಾವ ಸರ್ಕಾರ ಏನು ಮಾಡಿತು ಎಂಬ ಆರು ಉತ್ತರಗಳನ್ನು ತೆಗೆದಿದ್ದೇನೆ. ಬೆಟ್ಟದ ಮಾತು ಮುಂದುವರಿಯಲಿ.

ಹಳೇ ಮೇಷ್ಟ್ರು · ಭಾನುವಾರ ಬೆಳಿಗ್ಗೆ 6:30

ರೋಪ್‌ವೇ ಗಲಾಟೆಯಲ್ಲಿ ನೀರಿನ ಮಾತು ಮರೆತೇಹೋಯಿತು. ನಂದಿಯ ಬೆಟ್ಟಸಾಲು ಬೆಂಗಳೂರಿಗೆ ಬರೀ ಹವಾಖೋರಿಯ ಜಾಗವಲ್ಲ. ಅರ್ಕಾವತಿ ಹುಟ್ಟುವುದು ಇಲ್ಲಿ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ ಇವೆಲ್ಲವುಗಳ ತವರೂ ಈ ಸುತ್ತಿನ ಗುಡ್ಡಗಳೇ. ಒಂದು ಗುಡ್ಡದ ಈ ಮಗ್ಗುಲಿಗೆ ಬಿದ್ದ ಹನಿ ಕಾವೇರಿಗೆ, ಆ ಮಗ್ಗುಲಿಗೆ ಬಿದ್ದದ್ದು ಆಂಧ್ರಕ್ಕೆ, ಇನ್ನೊಂದು ತಮಿಳುನಾಡಿಗೆ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಬಾರಿಗೆ ಕೊಳಾಯಿ ನೀರು ಬಂದದ್ದು ಅರ್ಕಾವತಿಯ ಹೆಸರಘಟ್ಟದಿಂದ. 1930ರ ದಶಕದಲ್ಲಿ ಅದೇ ನದಿಯ ತಿಪ್ಪಗೊಂಡನಹಳ್ಳಿ ಸೇರಿಕೊಂಡಿತು. ಕಾವೇರಿಯನ್ನು ಬೆಟ್ಟ ಹತ್ತಿಸಿ ತರುವ ಮೊದಲು ಈ ಊರು ಕುಡಿದದ್ದು ನಂದಿಯ ನೀರು. ಇಂದು ಆ ನದಿಯ ಪಾತ್ರದಲ್ಲಿ ಬಹುಪಾಲು ದಿನ ಧೂಳು.

ನೀಲಗಿರಿ ಮರಕ್ಕೂ ಇದರಲ್ಲಿ ಪಾಲಿದೆ ಎನ್ನುತ್ತಾರೆ. ತಮಾಷೆಯೆಂದರೆ, ಆ ಮರ ಭಾರತಕ್ಕೆ ಮೊದಲು ಬಂದದ್ದೇ 1790ರ ಸುಮಾರಿಗೆ, ಟಿಪ್ಪುವಿನ ನಂದಿಯ ತೋಟಕ್ಕೆ ಎಂಬುದು ಅರಣ್ಯಶಾಸ್ತ್ರದ ಪುಸ್ತಕಗಳಲ್ಲಿರುವ ಮಾತು. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿತು. ತೋಟದ ಅಲಂಕಾರಕ್ಕೆ ಬಂದ ಅತಿಥಿ ಇನ್ನೂರು ಚಿಲ್ಲರೆ ವರ್ಷದಲ್ಲಿ ಬಾವಿಯ ಮೇಲಿನ ಆರೋಪಿಯಾದ.

ಹಿರಿಯರಿಗೆ ತೋರಿಸಲು ಇನ್ನೊಂದು: ನೆಹರೂ ನಿಲಯ. ಬ್ರಿಟಿಷರ ಕಾಲದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಬೇಸಿಗೆಯ ಬಂಗಲೆ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ವಾರಗಟ್ಟಲೆ ಈ ಬೆಟ್ಟದಲ್ಲಿ ವಿಶ್ರಾಂತಿ ಪಡೆದರು, 1936ರಲ್ಲಿ ಮತ್ತೆ ಬಂದರು. 1986ರ ನವೆಂಬರ್‌ನಲ್ಲಿ ಬೆಂಗಳೂರಿನ ಸಾರ್ಕ್ ಸಮ್ಮೇಳನಕ್ಕೆ ಬಂದ ನಾಯಕರನ್ನೂ ಇಲ್ಲಿಗೆ ಕರೆತಂದಿದ್ದರು. ನಾನು ಆಗ ಹೊಸ ಮೇಷ್ಟ್ರು. ಮಕ್ಕಳನ್ನು ಪ್ರವಾಸ ಕರೆದೊಯ್ಯಲು ರಸ್ತೆ ಹೊಸದಾಗಿ ಡಾಂಬರು ಕಂಡಿತ್ತು ಎಂಬುದೇ ನಮಗಾದ ಲಾಭ.

ನಾಲ್ಕು ಚಕ್ರ · ಭಾನುವಾರ ಬೆಳಿಗ್ಗೆ 11:05

ಒಪ್ಪಿದೆ ಮೇಷ್ಟ್ರೇ. ಪಕ್ಕದ ಬ್ರಹ್ಮಗಿರಿ ಹತ್ತಬಹುದೇ? ನಮ್ಮ ಕಚೇರಿಯ ಹುಡುಗರು ಹೊರಟಿದ್ದಾರೆ.

ನಂದಿ ಗ್ರಾಮದವನು · ಭಾನುವಾರ ಬೆಳಿಗ್ಗೆ 11:20

ಬೇಡವೇ ಬೇಡ. ಅಲ್ಲಿ ಚಾರಣಕ್ಕೆ ಅನುಮತಿಯಿಲ್ಲ. 2022ರ ಫೆಬ್ರುವರಿಯಲ್ಲಿ ಒಬ್ಬ ವಿದ್ಯಾರ್ಥಿ ಜಾರಿ ಬಂಡೆಗಳ ನಡುವೆ ಸಿಕ್ಕಿಕೊಂಡ. ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ನಾವೆಲ್ಲ ಕೆಳಗೆ ನಿಂತು ಉಸಿರು ಬಿಗಿಹಿಡಿದು ನೋಡಿದೆವು. ಹುಡುಗರಿಗೆ ಚಾರಣವೇ ಬೇಕಿದ್ದರೆ ಸ್ಕಂದಗಿರಿಗೆ ಹೋಗಲಿ, ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಟಿಕೆಟ್ ಪಡೆದು.

ಮೂರನೇ ಗೇರ್ · ಭಾನುವಾರ ಮಧ್ಯಾಹ್ನ 1:40

ಕೋತಿಗಳ ಬಗ್ಗೆ ಯಾರೂ ಎಚ್ಚರಿಸಲಿಲ್ಲ. ಕೈಯಲ್ಲಿ ಕವರ್ ಹಿಡಿದು ನಡೆಯಬೇಡಿ. ಅದು ನಿಮ್ಮದಲ್ಲ, ಅವುಗಳದೇ ಎಂದು ಅವು ತೀರ್ಮಾನಿಸಿವೆ. ಗೇಟಿನ ವೇಳೆ, ವಾಹನದ ನಿಯಮ ಆಗಾಗ ಬದಲಾಗುತ್ತವೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಯಲಹಂಕದ ಸೊಸೆ · ಗುರುವಾರ ರಾತ್ರಿ 9:15

ನಿನ್ನೆ, ಬುಧವಾರ, ಹೋಗಿ ಬಂದೆವು. ವರದಿ ಒಪ್ಪಿಸುತ್ತಿದ್ದೇನೆ.

ಅಲಾರಂ ಇಡಲಿಲ್ಲ. ತಿಂಡಿ ತಿಂದು ರೈಲು ಹತ್ತಿದೆವು. ನಂದಿ ಹಾಲ್ಟ್‌ನಲ್ಲಿ ಇಳಿದವರು ನಾವು ಐದು ಜನ ಮತ್ತು ಹಾಲಿನ ಕ್ಯಾನು ಹಿಡಿದ ಒಬ್ಬರು. ಅತ್ತೆಗೆ ನಿಲ್ದಾಣವೇ ಎಷ್ಟು ಹಿಡಿಸಿತೆಂದರೆ, "ನಾನು ಇಲ್ಲೇ ಕೂತಿರುತ್ತೇನೆ, ನೀವು ಹೋಗಿ ಬನ್ನಿ" ಎಂದರು. ಗುಡಿಯ ಹೆಸರು ಹೇಳಿ ಎಬ್ಬಿಸಬೇಕಾಯಿತು. ಉಮಾಮಹೇಶ್ವರನ ಕಲ್ಯಾಣ ಮಂಟಪದ ಕಂಬಗಳ ಮುಂದೆ ಅವರು ನಿಂತದ್ದು ಮುಕ್ಕಾಲು ಗಂಟೆ. ಕಲ್ಲಿನಲ್ಲಿ ಕೆತ್ತಿದ ಬಳ್ಳಿಯನ್ನು ಬೆರಳಲ್ಲಿ ಹಿಂಬಾಲಿಸುತ್ತ, ರಂಗೋಲಿಗೆ ಎಷ್ಟು ಚುಕ್ಕಿ ಬೇಕಾದೀತು ಎಂದು ಲೆಕ್ಕ ಹಾಕುತ್ತಿದ್ದರು. ಮಾವನವರು ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಮಾತಾಡಲೇ ಇಲ್ಲ. ಮಲೆನಾಡಿನವರು ಮಾತಾಡದಿದ್ದರೆ ಒಪ್ಪಿದ್ದಾರೆ ಎಂದರ್ಥ.

ಅವರಿಬ್ಬರನ್ನೂ ನನ್ನ ಗಂಡನನ್ನೂ ಆಟೋದಲ್ಲಿ ಮೇಲೆ ಕಳಿಸಿ ನಾನೂ ಮಗಳೂ ಸುಲ್ತಾನ್‌ಪೇಟೆಯ ಮೆಟ್ಟಿಲು ಹಿಡಿದೆವು. ಮಗಳು ಎಣಿಸುತ್ತ ಹೊರಟಳು. ನಾನೂರರವರೆಗೆ ಲೆಕ್ಕ ಸರಿಯಿತ್ತು. ಆಮೇಲೆ ಒಂದು ಓತಿಕ್ಯಾತ ಅಡ್ಡ ಬಂದು ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು. ಅರ್ಧ ದಾರಿಯಲ್ಲಿ ಮೋಡ ಇಳಿಯಿತು. ಮೇಲಿನಿಂದ ನೋಡುವಾಗ ಹೀಗೆ ಮೋಡದೊಳಕ್ಕೆ ಹತ್ತುವ ಅನುಭವ ಗೊತ್ತೇ ಆಗಿರಲಿಲ್ಲ. ಒಂದು ಮೆಟ್ಟಿಲ ಕೆಳಗೆ ಬಿಸಿಲು, ನಾಲ್ಕು ಮೆಟ್ಟಿಲ ಮೇಲೆ ಮುಖಕ್ಕೆ ಹನಿ. ಕೋಟೆಯ ಬಾಗಿಲು ಇದ್ದಕ್ಕಿದ್ದಂತೆ ಎದುರು ನಿಂತಾಗ ಮಗಳು "ಅಮ್ಮ, ಇಲ್ಲಿ ಶತ್ರುಗಳು ಹೇಗೆ ಹತ್ತಿದರು?" ಎಂದು ಕೇಳಿದಳು. ನಂದಿ ಗ್ರಾಮದವರೇ, ನೀವು ಹೇಳಿದ್ದು ಆಗ ಅರ್ಥವಾಯಿತು. ನನಗೆ ಉಸಿರೇ ಇರಲಿಲ್ಲ, ಉತ್ತರ ಹೇಳುವುದಿರಲಿ.

ಅಮೃತ ಸರೋವರದ ಬಳಿ ಹೋದರೆ ಅತ್ತೆ ಮಾತ್ರ ಇದ್ದರು. ಮಾವನವರು ಎಲ್ಲಿ? ಸ್ವಲ್ಪ ಆಚೆ ಒಂದು ಮರದ ಕೆಳಗೆ, ತೊಗಟೆಯ ಪಾಚಿಯ ಮೇಲೆ ಅಂಗೈ ಇಟ್ಟು ನಿಂತಿದ್ದರು. ಪಕ್ಕದಲ್ಲಿ ನನ್ನ ಗಂಡ ಕೊಡೆ ಹಿಡಿದು, ಏನಾಯಿತೆಂದು ತಿಳಿಯದೆ. ಮಾವನವರು ಕೈಸನ್ನೆ ಮಾಡಿ ಸುಮ್ಮನಿರಲು ಹೇಳಿದರು. ಮಂಜಿನೊಳಗಿನಿಂದ ಹೂಂ, ಹೂಂ ಎಂಬ ಸದ್ದು. ದುರ್ಬೀನು ಅವರು ಬರೆದದ್ದನ್ನು ನಾನು ಅವರಿಗೆ ಓದಿ ಹೇಳಿರಲಿಲ್ಲ, ಬೇಕೆಂದೇ. "ಇದು ಇಲ್ಲಿಗೆ ಹೇಗೆ ಬಂತು?" ಎಂದು ಪಿಸುಮಾತಿನಲ್ಲಿ ಕೇಳಿದರು. ಇದು ನಮ್ಮ ತೋಟದ ಮೇಲಿನ ಕಾಡಿನಲ್ಲಿ ಕೂಗುವ ಹಕ್ಕಿ ಎಂದರು. ಹಕ್ಕಿ ಮಾತ್ರ ಕೊನೆಯವರೆಗೂ ಕಣ್ಣಿಗೆ ಬೀಳಲಿಲ್ಲ.

ಕಂಬಿಯ ಕಡೆಗೂ ಹೋದೆವು. ಬಿಳಿ ಗೋಡೆ, ಬೇರೇನಿಲ್ಲ. ಅಲ್ಲಿದ್ದ ನಾಲ್ಕು ಹುಡುಗರು "ಏನೂ ಕಾಣಲಿಲ್ಲ, ದುಡ್ಡು ದಂಡ" ಎಂದು ಗೊಣಗುತ್ತಿದ್ದರು. ಮೊದಲ ಐದು ಸಲ ನಾನೂ ಹೀಗೆಯೇ ಗೊಣಗಿದ್ದೆ.

ಸಂಜೆಯ ರೈಲು ತಪ್ಪಿಸಿಕೊಂಡೆವು, ಅದಕ್ಕೆ ಸೀಬೆಹಣ್ಣು ಕಾರಣ. ಬಸ್ಸಿನಲ್ಲಿ ಬಂದೆವು. ರಾತ್ರಿ ಮಾವನವರು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ, "ಗುಡ್ಡವೇ, ಆದರೆ ಒಳ್ಳೆಯ ಗುಡ್ಡ" ಎಂದರು. ಊರಿಗೆ ಹೋಗುವ ಮೊದಲು ಇನ್ನೊಮ್ಮೆ ಹೋಗಬೇಕಂತೆ. ಮಗಳಿಗೆ ಮೆಟ್ಟಿಲು ಎಷ್ಟು ಎಂಬ ಲೆಕ್ಕ ಇನ್ನೂ ಬಾಕಿ ಇದೆ. ಯಾರಾದರೂ ಪೂರ್ತಿ ಎಣಿಸಿದವರಿದ್ದರೆ ಈಗಲೇ ಹೇಳಬೇಡಿ.

ದುರ್ಬೀನು · ಗುರುವಾರ ರಾತ್ರಿ 9:31

ಅಕ್ಕ, ಮುಂದಿನ ಸಲ ನನ್ನನ್ನೂ ಕರೆಯಿರಿ. ದುರ್ಬೀನು ತರುತ್ತೇನೆ, ಮಾವನವರಿಗೆ ಹಕ್ಕಿಯ ಮುಖ ತೋರಿಸೋಣ.

ನಂದಿ ಗ್ರಾಮದವನು · ಗುರುವಾರ ರಾತ್ರಿ 9:40

ನಾನು ಮೂರು ಸಲ ಎಣಿಸಿದ್ದೇನೆ, ಮೂರು ಸಲವೂ ಬೇರೆ ಬೇರೆ ಸಂಖ್ಯೆ ಬಂದಿದೆ. ಮಗುವಿನ ಲೆಕ್ಕ ಬಂದ ಮೇಲೆ ತಾಳೆ ನೋಡೋಣ. ಬುಧವಾರವೇ ಬನ್ನಿ.